ಪೊರೆ ಆಪರೇಷನ್ ಆದಮೇಲೆ ಕಣ್ಣಂಚಿನಲ್ಲಿ ಕರಿನೆರಳು: ಎರಡನೇ ಲೆನ್ಸ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಆಪ್ಟೊಮೆಟ್ರಿಸ್ಟ್. ಡಾಕ್ಟರು ನೋಡುವ ಮೊದಲು ನಿಮ್ಮನ್ನು ಕೂರಿಸಿ ಅಕ್ಷರ ಓದಿಸುವುದು, ಕಣ್ಣಿನ ಪ್ರೆಷರ್ ನೋಡುವುದು, ಪಾಪೆ ಅಗಲವಾಗಲು ಡ್ರಾಪ್ಸ್ ಹಾಕುವುದು ನನ್ನ ಕೆಲಸ. ಪೊರೆ ತೆಗೆಸಿಕೊಂಡವರಲ್ಲಿ ಆಗಾಗ ಒಬ್ಬರು ಬೋರ್ಡಿನ ಕೊನೆಯ ಸಾಲನ್ನೂ ತಪ್ಪಿಲ್ಲದೆ ಓದಿ, ಆಮೇಲೆ ಮೆಲ್ಲಗೆ ಕೇಳುತ್ತಾರೆ: "ಎಲ್ಲಾ ಕಾಣುತ್ತಮ್ಮಾ, ಆದರೆ ಇಲ್ಲಿ ಪಕ್ಕದಲ್ಲಿ ಏನೋ ಕಪ್ಪಗೆ ನಿಂತ ಹಾಗಿದೆಯಲ್ಲ?" ನಮ್ಮ ಅಪ್ಪನೂ ಹಾಗೇ ಕೇಳಿದ್ದರು. ಆಪರೇಷನ್ ಆದ ಕಡೆ ಅವರಿಗೆ ಸಿಕ್ಕ ಉತ್ತರ "ವಯಸ್ಸಾಯಿತಲ್ಲ ಯಜಮಾನ್ರೇ, ಯೋಚನೆ ಮಾಡಬೇಡಿ" ಎಂಬುದು. ಮನೆಗೆ ಬಂದು ಎರಡು ತಿಂಗಳು ಅದರ ಮಾತೇ ಎತ್ತಲಿಲ್ಲ. ಕಣ್ಣಿನ ಕೆಲಸ ಮಾಡುವ ಮಗಳಿಗೂ ಹೇಳಲಿಲ್ಲ. ಆ ನೆರಳು ನಿಜ, ಅದಕ್ಕೆ ಹೆಸರಿದೆ, ಕಾರಣ ಇದೆ, ಬೇಕಾದರೆ ಮೊದಲ ಲೆನ್ಸಿನ ಮುಂದೆ ಎರಡನೇ ಲೆನ್ಸ್ ಇಡುವಂಥ ಚಿಕಿತ್ಸೆಯೂ ಇದೆ ಎಂದು ಅವರಿಗೆ ಮೊದಲ ದಿನವೇ ಯಾರಾದರೂ ಹೇಳಬೇಕಿತ್ತು. ಅದನ್ನೇ ಇಲ್ಲಿ ಬರೆದಿದ್ದೇನೆ. ನಿಮ್ಮ ಕಣ್ಣನ್ನು ಎದುರಿಗೆ ಕೂತು ನೋಡಿದ ಡಾಕ್ಟರ ಮಾತಿಗೆ ಇದು ಬದಲಿ ಅಲ್ಲ.

ಮೊದಲು ಒಂದು ಹೇಳಿ, ಈ ನೆರಳು ಅಪಾಯದ್ದೇ?

ಈ ಪುಟದಲ್ಲಿ ಹೇಳಲಿರುವ ನೆರಳು ಅಪಾಯದ್ದಲ್ಲ. ಆದರೆ ನಿಮಗೆ ಕಾಣುತ್ತಿರುವುದು ಇದೇ ನೆರಳು ಎಂದು ಮೊದಲು ಖಾತ್ರಿಯಾಗಬೇಕು. ಪೊರೆ ಆಪರೇಷನ್ ಆದ ಕಣ್ಣಿನಲ್ಲಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ಪದರ, ಕಳಚಿಕೊಳ್ಳುವ ಸಾಧ್ಯತೆ ಸ್ವಲ್ಪ ಹೆಚ್ಚು. ಅದು ಶುರುವಾಗುವುದೂ ಪಕ್ಕದ ಕಪ್ಪಿನಿಂದಲೇ. ಪರದೆ ಎಳೆದ ಹಾಗೆ ಕಪ್ಪು ಗಂಟೆಗಂಟೆಗೆ, ದಿನದಿನಕ್ಕೆ ಒಳಗೆ ಸರಿಯುತ್ತಿದ್ದರೆ, ಕತ್ತಲಲ್ಲೂ ಮಿಂಚು ಹೊಡೆದ ಹಾಗೆ ಆಗುತ್ತಿದ್ದರೆ, ಕಣ್ಣ ಮುಂದೆ ನೊಣ, ಮಸಿ, ಬಲೆ ಒಮ್ಮೆಲೇ ಹೆಚ್ಚಾಗಿ ತೇಲಾಡಿದರೆ ಈ ಪುಟ ಓದುವುದನ್ನು ಇಲ್ಲಿಗೇ ನಿಲ್ಲಿಸಿ, ಇವತ್ತೇ ಆಸ್ಪತ್ರೆಗೆ ಹೋಗಿ. ಭಾನುವಾರವಾದರೂ ಸರಿ, ಹಬ್ಬವಾದರೂ ಸರಿ.

ಎರಡೂ ಕಣ್ಣಿನಲ್ಲಿ ಒಂದೇ ಬದಿ ಕಾಣದಿದ್ದರೆ ತೊಂದರೆ ಮೆದುಳಿನದ್ದಿರಬಹುದು. ಕಣ್ಣಿನ ನರ ಕ್ರಮೇಣ ಹಾಳಾಗುವ ಗ್ಲಾಕೋಮಾ, ಆ ನರಕ್ಕೆ ರಕ್ತ ಕಡಿಮೆಯಾಗುವುದು, ರೆಪ್ಪೆ ಜೋತುಬೀಳುವುದು ಇವೂ ಪಕ್ಕದ ನೋಟವನ್ನು ತಿನ್ನುತ್ತವೆ. ಆದ್ದರಿಂದ ಡ್ರಾಪ್ಸ್ ಹಾಕಿ ಪಾಪೆ ಅಗಲ ಮಾಡಿ ರೆಟಿನಾದ ಅಂಚಿನವರೆಗೂ ನೋಡುವ ಪರೀಕ್ಷೆ ಆಗಲೇಬೇಕು. ಅದಿಲ್ಲದೆ "ಏನಿಲ್ಲ, ಹೋಗುತ್ತೆ" ಎಂದು ಯಾರು ಹೇಳಿದರೂ ಒಪ್ಪಬೇಡಿ.

ಹಾಗಾದರೆ ಈ ಅಪಾಯವಿಲ್ಲದ ನೆರಳು ಹೇಗಿರುತ್ತದೆ?

ಕಿವಿಯ ಕಡೆ, ನೋಟದ ತೀರಾ ಅಂಚಿನಲ್ಲಿ, ಬಿದಿಗೆ ಚಂದ್ರನ ಹಾಗೆ ಬಾಗಿದ ಕಪ್ಪು ಅಥವಾ ಬೂದು ಗೆರೆ. ಬಲಗಣ್ಣಾದರೆ ಬಲಕ್ಕೆ, ಎಡಗಣ್ಣಾದರೆ ಎಡಕ್ಕೆ. ಕೆಲವರು "ಜಟಕಾ ಕುದುರೆಗೆ ಕಟ್ಟುವ ಕಣ್ಣಪಟ್ಟಿಯ ಹಾಗೆ" ಎನ್ನುತ್ತಾರೆ. ಅಪ್ಪ ಹೇಳಿದ್ದು, "ಬಾಗಿಲ ಸಂದಿಯಲ್ಲಿ ಯಾರೋ ನಿಂತಿದ್ದಾರೆ ಅನ್ನಿಸುತ್ತೆ, ತಿರುಗಿ ನೋಡಿದರೆ ಯಾರೂ ಇಲ್ಲ." ಹೀಗೆ ತಿರುಗಿ ತಿರುಗಿ ನೋಡಿ ಅವರ ಕುತ್ತಿಗೆ ನೋಯುತ್ತಿತ್ತು.

ವೈದ್ಯರು ಇದಕ್ಕೆ ನೆಗೆಟಿವ್ ಡಿಸ್ಫೋಟಾಪ್ಸಿಯಾ ಎನ್ನುತ್ತಾರೆ. ಬೆಳಕು ಇರಬೇಕಾದ ಕಡೆ ಇಲ್ಲದಿರುವುದರಿಂದ 'ನೆಗೆಟಿವ್'. ಅಮೆರಿಕದ ಕಣ್ಣಿನ ಡಾಕ್ಟರು ಜೇಮ್ಸ್ ಡೇವಿಸನ್ ಇದನ್ನು ವೈದ್ಯ ಪತ್ರಿಕೆಯಲ್ಲಿ ವಿವರಿಸಿದ್ದು 2000ರಲ್ಲಿ. ಹಾಗಾಗಿ ಈ ಹೆಸರನ್ನು ಕೇಳಿರದ ಹಳೆಯ ಡಾಕ್ಟರುಗಳೂ ಇದ್ದಾರೆ.

ಮನೆಯಲ್ಲಿ ಹೀಗೆ ನೋಡಬಹುದು. ಆಪರೇಷನ್ ಆಗದ ಕಣ್ಣನ್ನು ಮುಚ್ಚಿ ನೇರ ನೋಡಿ. ನೆರಳು ಕಂಡಾಗ ಅಂಗೈಯನ್ನು ಕಿವಿಯ ಕಡೆ ಕಣ್ಣಿನ ಪಕ್ಕ ಅಡ್ಡ ಹಿಡಿದು ಪಕ್ಕದ ಬೆಳಕು ತಡೆಯಿರಿ. ನೆರಳು ತೆಳುವಾದರೆ ಅಥವಾ ಮಾಯವಾದರೆ ಅದು ಬಹುಮಟ್ಟಿಗೆ ಇದೇ. ಮಬ್ಬು ಬೆಳಕಿನಲ್ಲಿ ಪಾಪೆ ಅಗಲವಾಗುವುದರಿಂದ ನೆರಳು ಕಡಿಮೆ, ಬಿಸಿಲಿನಲ್ಲಿ ಹೆಚ್ಚು. ರೆಟಿನಾದ ತೊಂದರೆ ಅಂಗೈಗೆ ಜಗ್ಗುವುದಿಲ್ಲ. ಆದರೂ ಈ ಅಂಗೈ ಪರೀಕ್ಷೆಯನ್ನು ನಂಬಿ ಮನೆಯಲ್ಲೇ ಕೂರಬೇಡಿ. ಡಾಕ್ಟರಿಗೆ ಹೇಳುವಾಗ ಇದನ್ನೂ ಹೇಳಿ, ಅವರಿಗೆ ತುಂಬ ಉಪಯೋಗವಾಗುತ್ತದೆ.

ಇದು ಯಾಕೆ ಬರುತ್ತದೆ? ಡಾಕ್ಟರು ಆಪರೇಷನ್ ಕೆಡಿಸಿದರೇ?

ಇಲ್ಲ. ಈ ನೆರಳು ಬರುವುದು ಆಪರೇಷನ್ ಚೆನ್ನಾಗಿ ಆಗಿ, ಲೆನ್ಸ್ ತನ್ನ ಚೀಲದೊಳಗೆ (ಹುಟ್ಟಿನಿಂದ ಬಂದ ಲೆನ್ಸನ್ನು ಸುತ್ತಿಕೊಂಡಿದ್ದ ತೆಳು ಹೊದಿಕೆಯೊಳಗೆ) ಸರಿಯಾಗಿ, ನಟ್ಟನಡುವೆ ಕೂತ ಕಣ್ಣುಗಳಲ್ಲೇ. ಆದ್ದರಿಂದ ಗಲ್ಲ ಊರಿಸಿ ನೋಡುವ ಸ್ಲಿಟ್ ಲ್ಯಾಂಪ್ ಯಂತ್ರದಲ್ಲಿ ನೋಡಿದ ಡಾಕ್ಟರಿಗೆ ತಪ್ಪೇನೂ ಕಾಣುವುದಿಲ್ಲ.

ಹುಟ್ಟಿನಿಂದ ಬಂದ ನಮ್ಮ ಲೆನ್ಸ್ ಸುಮಾರು 9ರಿಂದ 10 ಮಿಲಿಮೀಟರ್ ಅಗಲ, ವಯಸ್ಸಾದವರಲ್ಲಿ 4 ಮಿಲಿಮೀಟರಿಗಿಂತ ಹೆಚ್ಚು ದಪ್ಪ. ಪಾಪೆಯ ಸುತ್ತ ಇರುವ ಬಣ್ಣದ ಪರದೆ, ಅಂದರೆ ಐರಿಸ್, ಅದರ ಬೆನ್ನಿಗೆ ತಾಗಿಕೊಂಡೇ ಈ ಲೆನ್ಸ್ ಇರುತ್ತದೆ. ಅದರ ಜಾಗದಲ್ಲಿ ನಾವು ಕೂರಿಸುವುದು 6 ಮಿಲಿಮೀಟರ್ ಅಗಲದ, ತೆಳ್ಳನೆಯ ಬಿಲ್ಲೆ. ಐರಿಸ್‌ಗೂ ಬಿಲ್ಲೆಗೂ ನಡುವೆ ಒಂದು ಸಂದು ಉಳಿಯುತ್ತದೆ. ಕಿವಿಯ ಕಡೆಯಿಂದ ತೀರಾ ಓರೆಯಾಗಿ ಬರುವ ಬೆಳಕಿನಲ್ಲಿ ಒಂದು ಪಾಲು ಬಿಲ್ಲೆಯ ಮೂಲಕ ಬಾಗಿ ಹಿಂದಕ್ಕೆ ಹೋಗುತ್ತದೆ, ಇನ್ನೊಂದು ಪಾಲು ಬಿಲ್ಲೆಗೆ ತಾಗದೆ ಆ ಸಂದಿನಲ್ಲೇ ನುಸುಳಿ ರೆಟಿನಾದ ಮುಂಭಾಗಕ್ಕೆ ಬೀಳುತ್ತದೆ. ಇವೆರಡರ ನಡುವೆ ರೆಟಿನಾದ ಒಂದು ಪಟ್ಟಿಗೆ ಬೆಳಕೇ ಬೀಳುವುದಿಲ್ಲ. ಹೆಂಚಿನ ಮನೆಯಲ್ಲಿ ಎರಡು ಗಾಜಿನ ಹೆಂಚಿನ ನಡುವೆ ನೆಲದ ಮೇಲೆ ಕತ್ತಲ ಪಟ್ಟೆ ಉಳಿಯುತ್ತದಲ್ಲ, ಹಾಗೆ. ಜ್ಯಾಕ್ ಹಾಲಡೇ ಮತ್ತು ಜೊತೆಗಾರರು 2012ರಲ್ಲಿ ಬೆಳಕಿನ ಕಿರಣಗಳ ದಾರಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದು ಇದನ್ನೇ.

ಇನ್ನೊಂದು ವಿವರಣೆಯೂ ಇದೆ. ಅಮೆರಿಕದ ಸ್ಯಾಮ್ಯುಯೆಲ್ ಮ್ಯಾಸ್ಕೆಟ್ ಮತ್ತು ನಿಕೋಲ್ ಫ್ರಾಮ್ 2011ರಲ್ಲಿ ಬರೆದದ್ದು: ಲೆನ್ಸ್ ಚೀಲದ ಮುಂಭಾಗದಲ್ಲಿ ಡಾಕ್ಟರು ಕತ್ತರಿಸಿದ ದುಂಡು ಬಾಯಿಯ ಅಂಚು ಬಿಲ್ಲೆಯ ಮೇಲೆ ಹೊದ್ದುಕೊಂಡಿರುತ್ತದೆ, ತಕರಾರು ಇರುವುದು ಅಲ್ಲಿ. ಎರಡೂ ಕಾರಣಗಳು ಕೂಡಿಯೇ ಕೆಲಸ ಮಾಡುತ್ತವೆ ಎಂದು ನನಗನ್ನಿಸುತ್ತದೆ. ಯಾಕೆ ಹಾಗನ್ನಿಸುತ್ತದೆ ಎಂಬುದು ಚಿಕಿತ್ಸೆಯ ಮಾತು ಬಂದಾಗ ನಿಮಗೂ ತಿಳಿಯುತ್ತದೆ.

ಅಂಚಿನ ಕಾಟ ಹೊಸದೇನಲ್ಲ. ಡಾ. ಎಂ. ಸಿ. ಮೋದಿಯವರ ಶಿಬಿರಗಳಲ್ಲಿ ಪೊರೆ ತೆಗೆಸಿಕೊಂಡ ಅಜ್ಜ ಅಜ್ಜಿಯರನ್ನು ಕಂಡವರು ನಮ್ಮಲ್ಲಿ ಇನ್ನೂ ಇದ್ದಾರೆ. ಆಗ ಕಣ್ಣಿನೊಳಗೆ ಲೆನ್ಸ್ ಇಡುವ ರೂಢಿ ಇರಲಿಲ್ಲ, ಸೋಡಾಬುಡ್ಡಿ ಕನ್ನಡಕ ಕೊಡುತ್ತಿದ್ದರು. ಆ ದಪ್ಪ ಗಾಜಿನ ಅಂಚು ನೋಟದ ಸುತ್ತ ಒಂದು ಕುರುಡು ಬಳೆಯನ್ನೇ ಹಾಕುತ್ತಿತ್ತು. ಮುದುಕರು ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಳ್ಳುತ್ತಿದ್ದರು, ಪಕ್ಕದಿಂದ ಬಂದವರು ಆಕಾಶದಿಂದ ಉದುರಿದ ಹಾಗೆ ಎದುರಿಗೆ ಕಾಣುತ್ತಿದ್ದರು.

ಮೂಗಿನ ಕಡೆ ಬರದೆ ಕಿವಿಯ ಕಡೆ ಮಾತ್ರ ಯಾಕೆ?

ಕಿವಿಯ ಕಡೆಯ ಬೆಳಕು ಬೀಳುವುದು ಮೂಗಿನ ಕಡೆಯ ರೆಟಿನಾ ಮೇಲೆ. ರೆಟಿನಾ ಆ ಬದಿಯಲ್ಲಿ ಹೆಚ್ಚು ಮುಂದಕ್ಕೆ ಚಾಚಿಕೊಂಡಿದೆ. ಕಿವಿಯ ಕಡೆ ನಮಗೆ 90 ಡಿಗ್ರಿಯಷ್ಟು ಕಾಣುತ್ತದೆ, ಮೂಗಿನ ಕಡೆ ಮೂಗೇ ಅಡ್ಡ.

ಬೋರ್ಡಿನಲ್ಲಿ 6/6 ಓದುತ್ತೇನೆ. ಹಾಗಾಗಿ ನನ್ನ ಮಾತು ಯಾರೂ ನಂಬುವುದಿಲ್ಲ. ಇದು ಮನಸ್ಸಿನ ಭ್ರಮೆಯೇ?

ಭ್ರಮೆಯಲ್ಲ. ಬೋರ್ಡು ಅಳೆಯುವುದು ನಟ್ಟನಡುವಿನ ನೋಟವನ್ನು ಮಾತ್ರ. ನಿಮ್ಮ ನೆರಳಿರುವುದು ಅಂಚಿನಲ್ಲಿ. ಗ್ಲಾಕೋಮಾ ಇದ್ದವರಿಗೆ ಮಾಡುವ ಸಾಮಾನ್ಯ ಫೀಲ್ಡ್ ಟೆಸ್ಟ್ ಕೂಡ ನಡುವಿನ 24 ಅಥವಾ 30 ಡಿಗ್ರಿಗೇ ನಿಲ್ಲುತ್ತದೆ, ಅಲ್ಲಿಯೂ ಇದು ಸಿಕ್ಕುವುದಿಲ್ಲ. ಅಂಚಿನಿಂದ ಬೆಳಕನ್ನು ಒಳಕ್ಕೆ ಸರಿಸುತ್ತಾ ನೋಡುವ ಗೋಲ್ಡ್‌ಮನ್ ಪರೀಕ್ಷೆಯಲ್ಲಿ ಕೆಲವೊಮ್ಮೆ ಸಿಕ್ಕುತ್ತದೆ.

ಒಂದು ಬಿಳಿ ಹಾಳೆ ತೆಗೆದುಕೊಂಡು ನೇರ ನೋಡುವಾಗ ನಿಮಗೆ ಕಾಣುವುದನ್ನು ಚಿತ್ರ ಬರೆಯಿರಿ. ಕಪ್ಪು ಎಲ್ಲಿ, ಎಷ್ಟು ದಪ್ಪ, ಯಾವ ಹೊತ್ತಿಗೆ. ಅಪ್ಪ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಬಾಗು ಗೆರೆಯನ್ನು ನೋಡಿದ ಕ್ಷಣವೇ ಎರಡನೇ ಡಾಕ್ಟರಿಗೆ ವಿಷಯ ಅರ್ಥವಾಯಿತು.

ಎಷ್ಟು ಜನರಿಗೆ ಬರುತ್ತದೆ? ತಾನಾಗಿಯೇ ಹೋಗುತ್ತದೆಯೇ?

ರಾಬರ್ಟ್ ಓಶರ್ 2008ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಆಪರೇಷನ್ ಆದ ಮಾರನೇ ದಿನ ನೆರಳಿದೆ ಎಂದವರು ನೂರಕ್ಕೆ 15.2. ಒಂದು ವರ್ಷದ ಹೊತ್ತಿಗೆ 3.2, ಮೂರನೇ ವರ್ಷದಲ್ಲಿ 2.4. ಬಹುಪಾಲು ಜನರಿಗೆ ಅದು ತಾನಾಗಿಯೇ ಹೋಗುತ್ತದೆ ಎಂದಾಯಿತು. ಮೊದಲ ಕೆಲವು ದಿನಗಳ ನೆರಳಿಗೆ ಕಣ್ಣಿನ ಕಿವಿಯ ಬದಿಯಲ್ಲಿ ಕೊಟ್ಟ ಸಣ್ಣ ಗಾಯದ ಊತವೂ ಕಾರಣವಿರಬಹುದು, ಊತ ಇಳಿದಾಗ ನೆರಳೂ ಇಳಿಯುತ್ತದೆ. ಉಳಿದದ್ದನ್ನು ಮೆದುಳು ಕ್ರಮೇಣ ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ಬಿಡುತ್ತದೆ, ಹೊಸ ಮನೆಯ ಪಕ್ಕದ ರೈಲಿನ ಸದ್ದು ಒಂದು ತಿಂಗಳಲ್ಲಿ ಕಿವಿಗೆ ಬೀಳದ ಹಾಗೆ.

ಅದಕ್ಕೇ ಯಾವ ಒಳ್ಳೆಯ ಡಾಕ್ಟರೂ ಮೊದಲ ತಿಂಗಳಲ್ಲೇ ಎರಡನೇ ಲೆನ್ಸಿನ ಮಾತೆತ್ತುವುದಿಲ್ಲ. ಕನಿಷ್ಠ ಮೂರು ತಿಂಗಳು, ಹೆಚ್ಚಾಗಿ ಆರು ತಿಂಗಳು ಕಾಯಿಸುತ್ತಾರೆ. ಈ ಕಾಯುವಿಕೆಯನ್ನು ತಾತ್ಸಾರ ಎಂದುಕೊಳ್ಳಬೇಡಿ. ಆದರೆ "ಕಾಯಿರಿ" ಎನ್ನುವುದಕ್ಕೂ "ನಿಮಗೇನೂ ಆಗಿಲ್ಲ" ಎನ್ನುವುದಕ್ಕೂ ತುಂಬ ವ್ಯತ್ಯಾಸವಿದೆ.

ಕಾಯುವಾಗ ಏನು ಮಾಡಲಿ?

ದಪ್ಪ, ಅಗಲ ಕಡ್ಡಿಯ ಕನ್ನಡಕ ಹಾಕಿ. ಪವರ್ ಇಲ್ಲದ ಗಾಜಾದರೂ ಸರಿ. ಪಕ್ಕದ ಓರೆ ಬೆಳಕನ್ನು ಕಡ್ಡಿ ತಡೆಯುತ್ತದೆ. ಫ್ರೇಮ್ ಇಲ್ಲದ ತೆಳು ಕನ್ನಡಕದಿಂದ ಪ್ರಯೋಜನ ಇಲ್ಲ. ಓದುವಾಗ ಕಿಟಕಿ ಪಕ್ಕಕ್ಕಿರದ ಹಾಗೆ ಕೂರಿ. ಗಾಡಿ ಓಡಿಸುವವರು ಆ ಬದಿಗೆ ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ, ಬರೀ ಕಣ್ಣಂಚನ್ನು ನಂಬಬೇಡಿ.

ಪಕ್ಕದ ಮನೆಯವರಿಗೆ ಕೊಟ್ಟ ಡ್ರಾಪ್ಸ್ ನೀವು ಹಾಕಬೇಡಿ. ಪಾಪೆ ಕಿರಿದು ಮಾಡುವ ಹನಿ ಕೆಲವು ಬೆಳಕಿನ ತೊಂದರೆಗಳಿಗೆ ಒಳ್ಳೆಯದು, ಈ ನೆರಳನ್ನು ಮಾತ್ರ ಹೆಚ್ಚಿಸಬಹುದು.

ನನಗೆ ನೆರಳಲ್ಲ, ರಾತ್ರಿ ದೀಪದ ಸುತ್ತ ಬಳೆ, ಗೆರೆ, ಪಕ್ಕದಲ್ಲಿ ಬೆಳಕಿನ ಬಿಲ್ಲು ಕಾಣುತ್ತದೆ. ಎರಡನೇ ಲೆನ್ಸ್ ಹಾಕಿಸಬಹುದೇ?

ಅದು ಬೇರೆ, ಪಾಸಿಟಿವ್ ಡಿಸ್ಫೋಟಾಪ್ಸಿಯಾ. ಲೆನ್ಸಿನ ಚೌಕ ಅಂಚಿಗೆ ಮತ್ತು ಹೊಳೆಯುವ ಮೇಲ್ಮೈಗೆ ಬೆಳಕು ಬಡಿದು ಚದುರುವುದರಿಂದ ಬರುತ್ತದೆ. ಮತ್ತೆ ಪೊರೆ ಕಟ್ಟಿಕೊಳ್ಳುವುದನ್ನು ತಡೆಯಲೆಂದೇ ಅಂಚನ್ನು ಚೌಕ ಮಾಡಿದ್ದು, ಒಂದು ಲಾಭದ ಜೊತೆ ಒಂದು ಕಿರಿಕಿರಿ ಬಂತು. ಇದಕ್ಕೆ ಮೇಲೊಂದು ಲೆನ್ಸ್ ಇಡುವುದು ಮದ್ದಲ್ಲ. ತಡೆಯಲಾಗದಷ್ಟಿದ್ದರೆ ಒಳಗಿನ ಲೆನ್ಸನ್ನೇ ಬೇರೆ ವಸ್ತುವಿನ ಲೆನ್ಸಿಗೆ ಬದಲಾಯಿಸುತ್ತಾರೆ. ನಿಮಗಿರುವುದು ಯಾವುದು ಎಂದು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ: ಬೆಳಕು ಹೆಚ್ಚಾಗಿ ಕಾಣುತ್ತಿದೆಯೋ, ಕಪ್ಪು ಕಾಣುತ್ತಿದೆಯೋ. ಎರಡೂ ಬಗೆಯ ತೊಂದರೆಯವರು "ಕಣ್ಣಿಗೆ ಏನೋ ಅಡ್ಡ ಬರುತ್ತೆ" ಎಂದೇ ಹೇಳುವುದರಿಂದ ಗೊಂದಲವಾಗುತ್ತದೆ.

ಎರಡನೇ ಲೆನ್ಸ್ ಅಂದರೆ ಏನು? ಮೊದಲನೆಯದನ್ನು ತೆಗೆಯುತ್ತಾರೆಯೇ?

ತೆಗೆಯುವುದಿಲ್ಲ. ಮೊದಲ ಲೆನ್ಸ್ ತನ್ನ ಚೀಲದಲ್ಲಿ ಹಾಗೇ ಇರುತ್ತದೆ. ಅದರ ಮುಂದೆ, ಐರಿಸ್‌ನ ಹಿಂದೆ, ಸಿಲಿಯರಿ ಸಲ್ಕಸ್ ಎಂಬ ಉಂಗುರದಂಥ ತೋಡು ಇದೆ. ಹೊಸ ಲೆನ್ಸಿನ ಕಾಲುಗಳನ್ನು ಆ ತೋಡಿನಲ್ಲಿ ಕೂರಿಸುತ್ತಾರೆ. ಮಕ್ಕಳು ಉಪ್ಪಿನ ಮೂಟೆ ಆಡುವಾಗ ಒಬ್ಬರ ಬೆನ್ನಿಗೆ ಇನ್ನೊಬ್ಬರು ಅಂಟಿಕೊಂಡ ಹಾಗೆ. ಪಿಗ್ಗಿಬ್ಯಾಕ್ ಲೆನ್ಸ್ ಎಂದು ಆಸ್ಪತ್ರೆಯಲ್ಲಿ ಹೇಳುವುದು ಇದಕ್ಕೇ.

ಈ ಉಪಾಯ ಹುಟ್ಟಿದ್ದು ಬೇರೊಂದು ತೊಂದರೆಗೆ. ತೀರಾ ಸಣ್ಣ ಕಣ್ಣಿನವರಿಗೆ ಬೇಕಾಗುವಷ್ಟು ಪವರ್ ಒಂದೇ ಲೆನ್ಸಿನಲ್ಲಿ ಸಿಗದಿದ್ದಾಗ ಅಮೆರಿಕದ ಜಾನ್ ಗೇಟನ್ ಎರಡು ಲೆನ್ಸ್ ಇಟ್ಟು 1993ರಲ್ಲಿ ವರದಿ ಮಾಡಿದರು. ಆಮೇಲೆ ಒಂದು ಪಾಠವೂ ಸಿಕ್ಕಿತು: ಎರಡು ಅಕ್ರಿಲಿಕ್ ಲೆನ್ಸನ್ನು ಒಂದೇ ಚೀಲದೊಳಗೆ ತುರುಕಿದರೆ ವರ್ಷಗಳು ಕಳೆದ ಮೇಲೆ ಎರಡರ ನಡುವೆ ಮಬ್ಬು ಬೆಳೆಯುತ್ತದೆ. ಅದಕ್ಕೇ ಈಗ ಒಂದು ಚೀಲದಲ್ಲಿ, ಇನ್ನೊಂದು ತೋಡಿನಲ್ಲಿ.

ತೋಡಿಗೆಂದೇ ಮಾಡಿದ ಲೆನ್ಸುಗಳಿವೆ. ಇಂಗ್ಲೆಂಡಿನ ರೇನರ್ ಕಂಪನಿಯ ಸಲ್ಕೋಫ್ಲೆಕ್ಸ್ ಅಂಥದ್ದು. 6.5 ಮಿಲಿಮೀಟರ್ ಅಗಲದ ಬಿಲ್ಲೆ, ಕಾಲುಗಳೂ ಸೇರಿ 14 ಮಿಲಿಮೀಟರ್, ದುಂಡನೆಯ ಅಂಚು, ಮೊದಲ ಲೆನ್ಸಿಗೆ ತಾಗದ ಹಾಗೆ ಹಿಂಭಾಗದಲ್ಲಿ ತಗ್ಗು. 1949ರ ನವೆಂಬರಿನಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಹೆರಾಲ್ಡ್ ರಿಡ್ಲಿ ಮನುಷ್ಯರ ಕಣ್ಣಿನೊಳಗೆ ಇಟ್ಟ ಮೊಟ್ಟಮೊದಲ ಲೆನ್ಸನ್ನು ಮಾಡಿಕೊಟ್ಟದ್ದೂ ಇದೇ ಕಂಪನಿ. ಸಿಲಿಕೋನಿನ ಮೂರು ತುಂಡಿನ ಲೆನ್ಸುಗಳನ್ನೂ ಇದಕ್ಕೆ ಬಳಸುತ್ತಾರೆ.

ಅದನ್ನಿಟ್ಟರೆ ನೆರಳು ಹೇಗೆ ಹೋಗುತ್ತದೆ?

ಐರಿಸ್ ಹಿಂದಿನ ಸಂದನ್ನು ಎರಡನೇ ಲೆನ್ಸ್ ತುಂಬುತ್ತದೆ. ಜೊತೆಗೆ ಚೀಲದ ಕತ್ತರಿಸಿದ ಅಂಚನ್ನೂ ಮುಚ್ಚುತ್ತದೆ. ಮೇಲೆ ಹೇಳಿದ ಎರಡು ಕಾರಣಗಳಿಗೂ ಒಂದೇ ಏಟಿಗೆ ಉತ್ತರ. ಓರೆ ಬೆಳಕಿಗೆ ಈಗ ಖಾಲಿ ಜಾಗವಿಲ್ಲ, ಬಾಗಿ ಹೋಗುವ ದಾರಿ ಬದಲಾಗುತ್ತದೆ, ಕತ್ತಲ ಪಟ್ಟಿಯ ಮೇಲೂ ಬೆಳಕು ಬೀಳುತ್ತದೆ.

ಮೊದಲ ಲೆನ್ಸನ್ನೇ ಬದಲಾಯಿಸಿದರೆ ಸಾಲದೇ?

ಎಲ್ಲರೂ ಮೊದಲು ಕೇಳುವುದೇ ಇದು, "ಕೆಟ್ಟ ಲೆನ್ಸ್ ಹಾಕಿದ್ದಾರೆ, ದುಬಾರಿಯದ್ದು ಹಾಕಿಸೋಣ" ಎಂದು. ಅದೇ ಚೀಲಕ್ಕೆ ಇನ್ನೊಂದು ಲೆನ್ಸ್ ಇಟ್ಟರೆ ಸಾಮಾನ್ಯವಾಗಿ ನೆರಳು ಹೋಗುವುದಿಲ್ಲ. ಮ್ಯಾಸ್ಕೆಟ್ ಮತ್ತು ಫ್ರಾಮ್ ಕಂಡುಕೊಂಡ ಮುಖ್ಯ ಸಂಗತಿ ಅದು. ವಸ್ತು ಬದಲಾದರೆ ಸಾಲದು, ಜಾಗ ಬದಲಾಗಬೇಕು. ದುಡ್ಡಿನ ಮಾತಂತೂ ಅಲ್ಲವೇ ಅಲ್ಲ, ಯಾವ ಲೆನ್ಸಿನಲ್ಲೂ ಇದು ಬರಬಹುದು.

ಬೇರೆ ದಾರಿಗಳಿವೆ. ಇರುವ ಲೆನ್ಸಿನ ಕಾಲುಗಳನ್ನು ಚೀಲದಲ್ಲೇ ಬಿಟ್ಟು ಬಿಲ್ಲೆಯನ್ನು ಮಾತ್ರ ಚೀಲದ ಬಾಯಿಯಿಂದ ಮುಂದಕ್ಕೆ ಎತ್ತಿ ಗುಂಡಿ ಹಾಕಿದ ಹಾಗೆ ಸಿಕ್ಕಿಸುವುದು ಒಂದು. ಇದನ್ನು ರಿವರ್ಸ್ ಆಪ್ಟಿಕ್ ಕ್ಯಾಪ್ಚರ್ ಎನ್ನುತ್ತಾರೆ. ಆಪರೇಷನ್ ಆಗಿ ಬಹಳ ದಿನವಾಗಿರದಿದ್ದರೆ, ಚೀಲದ ಬಾಯಿ ಸರಿಯಾದ ಅಳತೆಯಲ್ಲಿದ್ದರೆ ಇದು ಚೆಂದ. ಹೊಸ ಲೆನ್ಸ್ ಬೇಕಿಲ್ಲ. ಮೊದಲ ಲೆನ್ಸ್ ತೆಗೆದು ಬೇರೊಂದನ್ನು ತೋಡಿನಲ್ಲಿ ಇಡುವುದು ಇನ್ನೊಂದು. ಚೀಲದ ಮುಂಭಾಗದ ಮೂಗಿನ ಬದಿಯ ಅಂಚನ್ನು ಯಾಗ್ ಲೇಸರಿನಿಂದ ಕತ್ತರಿಸಿ ಕೆಲವರಿಗೆ ಗುಣವಾಗಿದೆ. ವರ್ಷ ಕಳೆದು ಚೀಲ ಲೆನ್ಸಿಗೆ ಬಿಗಿಯಾಗಿ ಅಂಟಿಕೊಂಡ ಮೇಲೆ ಅದನ್ನು ಬಿಡಿಸುವುದು ಕಷ್ಟ. ಅಂಥವರಿಗೆ ಪಿಗ್ಗಿಬ್ಯಾಕ್ ಅನುಕೂಲ, ಚೀಲವನ್ನು ಮುಟ್ಟಬೇಕಾಗಿಯೇ ಇಲ್ಲ.

ಇಲ್ಲೊಂದು ಎಚ್ಚರಿಕೆ. ನೆರಳಿನ ದೂರು ಹೇಳಿದಾಗ ಕೆಲವೆಡೆ "ಪೊರೆ ಮತ್ತೆ ಬಂದಿದೆ" ಎಂದು ಚೀಲದ ಹಿಂಭಾಗಕ್ಕೆ ಲೇಸರ್ ಹೊಡೆಯುತ್ತಾರೆ. ನಿಜಕ್ಕೂ ಮಬ್ಬು ಇದ್ದರೆ ಸರಿ. ಇಲ್ಲದಿದ್ದರೆ ಅದು ನೆರಳಿಗೆ ಮದ್ದಲ್ಲ, ಮೇಲಾಗಿ ಹಿಂಭಾಗ ತೆರೆದ ಚೀಲದಿಂದ ಮುಂದೆ ಲೆನ್ಸ್ ಬದಲಾಯಿಸುವುದು ಬಹಳ ತ್ರಾಸ. ಲೇಸರಿಗೆ ಒಪ್ಪುವ ಮೊದಲು "ಇದು ಮಬ್ಬಿಗೋ, ನೆರಳಿಗೋ?" ಎಂದು ಕೇಳಿ.

ಎರಡನೇ ಲೆನ್ಸಿನ ಪವರ್ ಎಷ್ಟು?

ಕನ್ನಡಕವಿಲ್ಲದೆ ದೂರದ್ದು ಚೆನ್ನಾಗಿ ಕಾಣುತ್ತಿದ್ದರೆ ಸೊನ್ನೆ. ಸ್ವಲ್ಪ ನಂಬರ್ ಉಳಿದಿದ್ದರೆ ಅದನ್ನೂ ಇದರಲ್ಲೇ ಸರಿಪಡಿಸಬಹುದು. ಸ್ಥೂಲವಾಗಿ ಹೇಳುವುದಾದರೆ, ಪ್ಲಸ್ ನಂಬರ್ ಉಳಿದಿದ್ದರೆ ಅದರ ಒಂದೂವರೆ ಪಟ್ಟು, ಮೈನಸ್ ಆದರೆ 1.2 ಪಟ್ಟು ಪವರ್ ಬೇಕು. ಅಪ್ಪನಿಗೆ ಪ್ಲಸ್ 1 ಉಳಿದಿತ್ತು, ಪ್ಲಸ್ ಒಂದೂವರೆಯ ಲೆನ್ಸ್ ಇಟ್ಟರು. ದೂರದ ಕನ್ನಡಕ ತಪ್ಪಿತು.

ಯಾರಿಗೆ ಇದು ಆಗುವುದಿಲ್ಲ?

ಕಣ್ಣಿನ ಮುಂಭಾಗದಲ್ಲಿ ಜಾಗ ಕಡಿಮೆ ಇರುವವರಿಗೆ. ಹತೋಟಿಗೆ ಬರದ ಗ್ಲಾಕೋಮಾ ಇರುವವರಿಗೆ. ಪದೇ ಪದೇ ಕಣ್ಣೊಳಗೆ ಉರಿಯೂತ ಬರುವವರಿಗೆ. ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಒಳಪದರದ ಜೀವಕೋಶಗಳು ತೀರಾ ಕಡಿಮೆಯಾಗಿರುವವರಿಗೆ. ಚೀಲವನ್ನು ಹಿಡಿದಿರುವ ಎಳೆಗಳು ಸಡಿಲವಾಗಿರುವವರಿಗೆ. ಇವನ್ನು ತಿಳಿಯಲು ಕಣ್ಣಿನ ಒಳಜಾಗದ ಅಳತೆ, ಪ್ರೆಷರ್, ಒಳಗಿನ ನೀರು ಹರಿದುಹೋಗುವ ಕೋನ, ಜೀವಕೋಶಗಳ ಎಣಿಕೆ, ರೆಟಿನಾ ಎಲ್ಲವನ್ನೂ ನೋಡುತ್ತಾರೆ. ಸಾಧ್ಯವಿದ್ದ ಕಡೆ ಯುಬಿಎಂ ಎಂಬ ಸ್ಕ್ಯಾನಿನಲ್ಲಿ ಐರಿಸ್‌ನ ಹಿಂದೆ ಎಷ್ಟು ಜಾಗವಿದೆ ಎಂದು ಅಳೆಯುತ್ತಾರೆ. ಸಕ್ಕರೆ ಕಾಯಿಲೆ ಇರುವವರು ಸಕ್ಕರೆ ಹತೋಟಿಗೆ ತಂದುಕೊಂಡೇ ಹೋಗಬೇಕು.

ಆಪರೇಷನ್ ಹೇಗಿರುತ್ತದೆ?

ಮೊದಲನೆಯದಕ್ಕಿಂತ ಸುಲಭ. ಪೊರೆ ಪುಡಿ ಮಾಡುವ ಕೆಲಸ ಇಲ್ಲವಲ್ಲ. ಹನಿ ಹಾಕಿ ಮರಗಟ್ಟಿಸಿ, 3 ಮಿಲಿಮೀಟರ್ ಆಸುಪಾಸಿನ ದಾರಿ ಮಾಡಿ, ಒಳಗೆ ಜೆಲ್ ತುಂಬಿ ಜಾಗ ಮಾಡಿಕೊಂಡು, ಮಡಿಸಿದ ಲೆನ್ಸನ್ನು ಬಿಟ್ಟು ಕಾಲುಗಳನ್ನು ತೋಡಿಗೆ ಸರಿಸುತ್ತಾರೆ. ಕೊನೆಗೆ ಜೆಲ್ ತೊಳೆಯುತ್ತಾರೆ. ಎರಡು ಲೆನ್ಸುಗಳ ನಡುವೆ ಜೆಲ್ ಉಳಿದರೆ ಪ್ರೆಷರ್ ಏರುವುದರಿಂದ ಇದನ್ನು ಅವಸರವಿಲ್ಲದೆ ಮಾಡಬೇಕು. ಅದೇ ದಿನ ಮನೆಗೆ. ಆಮೇಲಿನ ಪಥ್ಯ ನಿಮಗೆ ಗೊತ್ತಿರುವುದೇ: ಕಣ್ಣು ಉಜ್ಜಬಾರದು, ತಲೆಸ್ನಾನ ಹೇಳಿದ ದಿನದವರೆಗೆ ಬೇಡ, ಒಲೆಯ ಹೊಗೆ ಧೂಳು ಬೇಡ, ಹನಿಗಳನ್ನು ಕೆಲವು ವಾರ ತಪ್ಪದೆ ಹಾಕಬೇಕು.

ಇದರಲ್ಲಿ ತೊಂದರೆಗಳೇನು?

ಯಾವ ಕಣ್ಣಿನ ಆಪರೇಷನ್ನಿಗೂ ಇರುವ ಸೋಂಕಿನ ಭಯ ಇಲ್ಲೂ ಇದೆ, ಅಪರೂಪ. ಇದಕ್ಕೇ ವಿಶೇಷವಾದದ್ದು ಐರಿಸ್ ಉಜ್ಜಿಕೊಳ್ಳುವುದು. ಲೆನ್ಸ್ ಐರಿಸ್‌ನ ಬೆನ್ನಿಗೆ ತಾಗಿ ಉಜ್ಜಿದರೆ ಅದರ ಬಣ್ಣದ ಪುಡಿ ಉದುರಿ ನೀರು ಹರಿದುಹೋಗುವ ಜಾಲರಿಯಲ್ಲಿ ತುಂಬಿಕೊಳ್ಳುತ್ತದೆ. ಪ್ರೆಷರ್ ಏರುತ್ತದೆ, ಉರಿಯೂತ, ಕೆಲವೊಮ್ಮೆ ಒಳಗೆ ರಕ್ತವೂ ಬರುತ್ತದೆ. ಚೀಲಕ್ಕೆಂದು ಮಾಡಿದ ಚೌಕ ಅಂಚಿನ, ದಪ್ಪ ಕಾಲಿನ, ಒಂದೇ ತುಂಡಿನ ಅಕ್ರಿಲಿಕ್ ಲೆನ್ಸನ್ನು ತೋಡಿನಲ್ಲಿ ಇಟ್ಟರೆ ಈ ಅಪಾಯ ಬಹಳ. ಅದಕ್ಕೇ ನಾಚದೆ ಕೇಳಿ: "ಡಾಕ್ಟ್ರೇ, ನನಗೆ ಇಡುವುದು ಸಲ್ಕಸ್‌ಗೆ ಹೊಂದುವ ಲೆನ್ಸೇ?" ಈ ಪುಟದಿಂದ ಒಂದೇ ಪ್ರಶ್ನೆ ಒಯ್ಯುವುದಾದರೆ ಇದನ್ನು ಒಯ್ಯಿರಿ.

ಬಿಲ್ಲೆ ಪಾಪೆಯಲ್ಲಿ ಸಿಕ್ಕಿಕೊಳ್ಳುವುದು, ಓರೆಯಾಗುವುದು, ಐರಿಸ್ ಮುಂದಕ್ಕೆ ಉಬ್ಬಿ ನೀರಿನ ದಾರಿ ಕಟ್ಟಿಕೊಳ್ಳುವುದು ಇವೂ ಉಂಟು. ಆಪರೇಷನ್ ಆದಮೇಲೆ ತಲೆನೋವು, ವಾಂತಿ, ಕಣ್ಣು ಕೆಂಪಗಾಗಿ ಮಂಜಾಗುವುದು ಕಂಡರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬೇಡಿ. ಸಮಾಧಾನದ ಸಂಗತಿ ಏನೆಂದರೆ, ಹೊಂದದಿದ್ದರೆ ಈ ಲೆನ್ಸನ್ನು ಹೊರತೆಗೆಯಬಹುದು, ಮೊದಲನೆಯದಕ್ಕೆ ಏನೂ ಆಗುವುದಿಲ್ಲ. ವರ್ಷಕ್ಕೊಮ್ಮೆಯಾದರೂ ಪ್ರೆಷರ್ ನೋಡಿಸುವುದು ಮಾತ್ರ ಜೀವನಪೂರ್ತಿ ತಪ್ಪಬಾರದು.

ನೆರಳು ಪೂರ್ತಿ ಹೋಗುತ್ತದೆ ಎಂದು ಖಾತ್ರಿ ಇದೆಯೇ?

ಇಲ್ಲ. ಬಹಳಷ್ಟು ಜನರಿಗೆ ಪೂರ್ತಿ ಹೋಗುತ್ತದೆ, ಕೆಲವರಿಗೆ ತೆಳುವಾಗುತ್ತದೆ, ಕೆಲವರಿಗೆ ಇದ್ದ ಹಾಗೇ ಉಳಿಯುತ್ತದೆ. ನೂರಕ್ಕೆ ನೂರು ಎಂದು ಹೇಳುವವರನ್ನು ನಂಬಬೇಡಿ. ಅಪ್ಪ ಹದಿನಾಲ್ಕು ತಿಂಗಳು ಕಾದು, ಕಡ್ಡಿ ದಪ್ಪನೆಯ ಕನ್ನಡಕ ಹಾಕಿ ನೋಡಿ, ಆಮೇಲೆ ಒಪ್ಪಿದರು. ಪಟ್ಟಿ ತೆಗೆದ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಬಲಕ್ಕೆ ತಿರುಗದೆ ನಡೆದರು, ಅದನ್ನು ನೋಡಿಯೇ ನನಗೆ ತಿಳಿಯಿತು. ಕಡು ಬಿಸಿಲಿನಲ್ಲಿ ನೂಲಿನಷ್ಟು ಗೆರೆ ಈಗಲೂ ಕಾಣುತ್ತದಂತೆ. ಹುಡುಕಿದರೆ ಮಾತ್ರ, ಎನ್ನುತ್ತಾರೆ.

ಇನ್ನೊಂದು ಕಣ್ಣಿಗೂ ಪೊರೆ ಇದೆ. ಅದರಲ್ಲೂ ನೆರಳು ಬರುತ್ತದೆಯೇ?

ಬರಲೇಬೇಕೆಂದಿಲ್ಲ. ಆದರೆ ಡಾಕ್ಟರಿಗೆ ಮೊದಲೇ ಹೇಳಿ. ಲೆನ್ಸಿನ ಕಾಲುಗಳು ಮೇಲೆ ಕೆಳಗೆ ನಿಲ್ಲುವ ಬದಲು ಅಡ್ಡಕ್ಕೆ, ಕಿವಿಯ ಕಡೆ ಸ್ವಲ್ಪ ಕೆಳಗೆ ಬರುವ ಹಾಗೆ ತಿರುಗಿಸಿ ಇಟ್ಟರೆ ನೆರಳು ಕಡಿಮೆ ಎಂದು ಬಾನೀ ಹೆಂಡರ್ಸನ್ ಮತ್ತು ಜೊತೆಗಾರರು 2016ರಲ್ಲಿ ವರದಿ ಮಾಡಿದ್ದಾರೆ. ಖರ್ಚಿಲ್ಲದ ಉಪಾಯ. ಮೊದಲ ಕಣ್ಣಿನಲ್ಲಿ ತುಂಬ ಕಾಡಿದ್ದರೆ ಎರಡನೆಯದರಲ್ಲಿ ಬಿಲ್ಲೆಯನ್ನು ಆಗಲೇ ಚೀಲದ ಬಾಯಿಯಿಂದ ಮುಂದಕ್ಕೆ ಸಿಕ್ಕಿಸಿ ಇಡುವವರೂ ಇದ್ದಾರೆ.

ಡಾಕ್ಟರ ಹತ್ತಿರ ಹೋಗುವಾಗ ಏನು ತೆಗೆದುಕೊಂಡು ಹೋಗಲಿ?

ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಹಾಳೆ, ಅದಕ್ಕೆ ಅಂಟಿಸಿದ ಲೆನ್ಸಿನ ಸ್ಟಿಕ್ಕರ್. ಅದರಲ್ಲಿ ಲೆನ್ಸಿನ ಹೆಸರು, ಪವರ್, ನಂಬರ್ ಇರುತ್ತದೆ. ಇದನ್ನು ಎಷ್ಟೋ ಮನೆಗಳಲ್ಲಿ ರದ್ದಿಗೆ ಹಾಕಿಬಿಡುತ್ತಾರೆ, ದಯವಿಟ್ಟು ರೇಷನ್ ಕಾರ್ಡಿನ ಜೊತೆ ಎತ್ತಿಡಿ. ನೀವು ಬರೆದ ಚಿತ್ರ, ಈಗ ಹಾಕುತ್ತಿರುವ ಹನಿಗಳ ಬಾಟಲಿ, ಹಾಕುವ ಕನ್ನಡಕ. ಪಾಪೆ ಅಗಲ ಮಾಡುವುದರಿಂದ ಆ ದಿನ ನೀವೇ ಗಾಡಿ ಓಡಿಸಿಕೊಂಡು ಬರಬೇಡಿ.

ಅಮ್ಮನಿಗೆ 82. ನೆರಳಿದೆ, ಆದರೆ "ಇನ್ನೊಂದು ಸಲ ಕಣ್ಣಿಗೆ ಕತ್ತರಿ ಬೇಡ" ಎನ್ನುತ್ತಾರೆ. ಬಲವಂತ ಮಾಡಲೇ?

ಬೇಡ. ರೆಟಿನಾ ಸರಿಯಾಗಿದೆ ಎಂದು ಖಾತ್ರಿಯಾಗಿದ್ದರೆ ಈ ನೆರಳು ಹಾಗೇ ಇದ್ದರೂ ಕಣ್ಣಿಗೆ ಹಾನಿಯಿಲ್ಲ, ಹೆಚ್ಚುತ್ತಾ ಹೋಗುವುದೂ ಇಲ್ಲ. ಅವರು ಯಾವ ಬದಿಯಲ್ಲಿ ಮುಗ್ಗರಿಸುತ್ತಾರೋ ನೋಡಿ, ಆ ಬದಿಯ ಸ್ಟೂಲು, ಚೊಂಬು, ಹೊಸ್ತಿಲ ಬಳಿಯ ಚಪ್ಪಲಿ ತೆಗೆದಿಡಿ. ದಪ್ಪ ಕಡ್ಡಿಯ ಕನ್ನಡಕ ಕೊಡಿಸಿ. ಮಾತಾಡಿಸುವಾಗ ಇನ್ನೊಂದು ಬದಿಯಿಂದ ಹೋಗಿ. "ಈಗಲೂ ಕಾಣುತ್ತಾ ಅಮ್ಮಾ?" ಎಂದು ಆಗಾಗ ಕೇಳಿ. ಕಾಣುತ್ತದೆ ಎಂದರೆ ನಂಬಿ.